ಜಲಾಂತರ್ಗಾಮಿಯ ದರ್ಶನ ಮತ್ತು ಶ್ರಾವಕಧರ್ಮ

ಸೊರಬ ತಾಲೂಕಿನ ಕುಪ್ಪಗಡ್ಡೆ ಹಾಗೂ ಅದರ ಆಸುಪಾಸಿನ ಕೆಲವು ಜೈನ ಕುಟುಂಬಗಳು ಒಟ್ಟುಗೂಡಿ ಸಮ್ಮೇದಶಿಖರದ ಯಾತ್ರೆಗೆ ಹೊರಡಲು ಸಿದ್ಧತೆ ನಡೆಸಿವೆ. ಅಡಿಕೆ ಕೊಯ್ಲು ಮುಗಿದು, ಮಕ್ಕಳ ಪರೀಕ್ಷೆಗಳೂ ಮುಗಿದ ಮೇಲೆ ಹುಬ್ಬಳ್ಳಿಯಲ್ಲಿ ರೈಲು ಹತ್ತುವುದು, ವಿಜಯವಾಡದ ಮಾರ್ಗವಾಗಿ ವಿಶಾಖಪಟ್ಟಣ ಸೇರಿ ಒಂದು ದಿನ ತಂಗುವುದು, ಅಲ್ಲಿಂದ ಭುವನೇಶ್ವರದ ಖಂಡಗಿರಿ, ಉದಯಗಿರಿಗಳ ಗುಹೆಗಳನ್ನು ದರ್ಶಿಸಿ ಮುಂದೆ ಶಿಖರಜಿಗೆ ತೆರಳುವುದು, ಇದು ಕಾರ್ಯಕ್ರಮ. ವಿಶಾಖಪಟ್ಟಣದಲ್ಲಿ ತಂಗುವ ದಿನ ಅಲ್ಲಿಯ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಲ್ಲಿಸಿರುವ ‘ಕುರ್ಸುರಾ’ ಎಂಬ ಜಲಾಂತರ್ಗಾಮಿಯನ್ನು ಮಕ್ಕಳಿಗೆ ತೋರಿಸಬೇಕೆಂದು ತರುಣನೊಬ್ಬನು ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದನು. ಹಿರಿಯರೊಬ್ಬರು ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದರು. ತೀರ್ಥಯಾತ್ರೆಗೆ ಹೊರಟವರು ಕೊಲ್ಲುವ ಯಂತ್ರದ ಉದರದೊಳಗೆ ಹೊಕ್ಕು ಬರುವುದು ಯಾವ ಧರ್ಮವೆಂಬುದು ಅವರ ಪ್ರಶ್ನೆ. ದೇಶಾಭಿಮಾನ ಬೆಳೆಯುವುದು ಬೇಡವೆ, ಮಕ್ಕಳು ನಾಲ್ಕು ಚಿತ್ರ ತೆಗೆದುಕೊಂಡರೆ ಏನು ನಷ್ಟವೆಂಬುದು ತರುಣರ ಮರುಪ್ರಶ್ನೆ. ಬಸದಿಯ ಜಗಲಿಯಲ್ಲಿ ಎರಡು ಸಭೆಗಳಾದರೂ ವಿಷಯ ಇತ್ಯರ್ಥವಾಗಿಲ್ಲ. ಇಬ್ಬರು ಅಣ್ಣತಮ್ಮಂದಿರು ಇದರ ನೆಪದಲ್ಲಿ ಮಾತು ಬಿಟ್ಟಿರುವರೆಂಬುದೂ ಉಂಟು.

ಈ ವಿವಾದ ಕುಪ್ಪಗಡ್ಡೆಗೆ ಮಾತ್ರ ಸೀಮಿತವಾದುದಲ್ಲ. ಯಾತ್ರೆ, ಪ್ರವಾಸ, ಮಕ್ಕಳ ಶಿಬಿರಗಳನ್ನು ನಡೆಸುವ ಎಲ್ಲ ಟ್ರಸ್ಟುಗಳ ಮುಂದೆಯೂ ಇಂದಲ್ಲ ನಾಳೆ ಇದು ಬರತಕ್ಕದ್ದೇ. ಆದುದರಿಂದ ಹಿರಿಯರ ಆಕ್ಷೇಪವನ್ನು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಅವಶ್ಯ. ಹಾಗೆ ನೋಡಿದರೆ ಅದು ನಿಲ್ಲುವುದಿಲ್ಲ. ತರುಣರ ಉತ್ತರವೂ ನಿಲ್ಲುವುದಿಲ್ಲವೆಂಬುದು ಬೇರೆಯ ಮಾತು. ಅದಕ್ಕೆ ಮುಂದೆ ಬರಬಹುದು.

ಮೊದಲು ಆ ವಸ್ತು ಯಾವುದೆಂಬುದನ್ನು ತಿಳಿಯಬೇಕು. ಸಾಲನ್ನು ಹೊಡೆದುಹಾಕಿದವರಾಗಲಿ ಸೇರಿಸಿದವರಾಗಲಿ ಅದನ್ನು ಕಂಡವರಲ್ಲ. ಕುರ್ಸುರಾ ಸೋವಿಯತ್ ದೇಶದಲ್ಲಿ ನಿರ್ಮಾಣವಾಗಿ ೧೯೬೯ರ ಡಿಸೆಂಬರಿನಲ್ಲಿ ಭಾರತೀಯ ನೌಕಾಪಡೆಯನ್ನು ಸೇರಿತು. ೩೧ ವರ್ಷ ಸೇವೆ ಸಲ್ಲಿಸಿ ೨೦೦೧ರ ಫೆಬ್ರವರಿಯಲ್ಲಿ ನಿವೃತ್ತವಾಯಿತು. ಮರುವರ್ಷ ಅದನ್ನು ದಡಕ್ಕೆಳೆದು ರಾಮಕೃಷ್ಣ ಬೀಚಿನಲ್ಲಿ ಸಾರ್ವಜನಿಕರಿಗೆ ತೆರೆದರು. ಸುಮಾರು ೯೧ ಮೀಟರು ಉದ್ದ, ಅಗಲವಾದರೋ ಏಳೂವರೆ ಮೀಟರು. ಇಂಥದರೊಳಗೆ ಸುಮಾರು ೭೫ ಮಂದಿ ವಾರಗಟ್ಟಲೆ ವಾಸಿಸಬೇಕಾಗಿತ್ತು. ಅವರೊಡನೆ ೨೨ ಟಾರ್ಪಿಡೊಗಳು. ಟಾರ್ಪಿಡೊ ಎಂದರೆ ನೀರಿನಡಿಯಲ್ಲಿ ತಾನೇ ಸಾಗಿ ಹಡಗಿನ ಒಡಲಿಗೆ ಬಡಿದು ಸಿಡಿಯುವ ಅಸ್ತ್ರ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ದುಂಡನೆಯ ಕಿಂಡಿಯೊಂದೇ ದಾರಿ. ಎಂಥ ಶ್ರೀಮಂತನೂ ಅಲ್ಲಿ ತಲೆಬಾಗಿಯೇ ನುಸುಳಬೇಕು. ಒಳಗೆ ವಿವರಣೆ ನೀಡುವವರು ಬಹುಮಟ್ಟಿಗೆ ನಿವೃತ್ತ ನೌಕಾ ಸಿಬ್ಬಂದಿ.

ಅದು ಮುಳುಗಿ ಏಳುವ ಬಗೆಯನ್ನು ಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ಒಡಲಿನ ಹೊರಸುತ್ತಿನಲ್ಲಿರುವ ತೊಟ್ಟಿಗಳೊಳಕ್ಕೆ ಸಮುದ್ರದ ನೀರನ್ನು ಬಿಟ್ಟುಕೊಂಡರೆ ಮುಳುಗುತ್ತದೆ. ಒತ್ತಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇಳುತ್ತದೆ. ಪಾಠಶಾಲೆಗಳಲ್ಲಿ ತೂತುಬಿದ್ದ ದೋಣಿಯ ದೃಷ್ಟಾಂತವನ್ನು ತಲೆತಲಾಂತರದಿಂದ ಹೇಳಿಕೊಡುತ್ತ ಬಂದಿದ್ದಾರೆ: ನೀರು ನುಗ್ಗುವುದು ಆಸ್ರವ, ತೂತು ಮುಚ್ಚುವುದು ಸಂವರ, ತುಂಬಿದ ನೀರನ್ನು ತೋಡಿ ಹೊರಚೆಲ್ಲುವುದು ನಿರ್ಜರೆ. ಮಲೆನಾಡಿನ ಎಷ್ಟೋ ಮಕ್ಕಳು ತೂತುಬಿದ್ದ ದೋಣಿಯನ್ನು ಕಂಡಿಲ್ಲ. ಬೇಕೆಂದೇ ನೀರನ್ನು ಒಳಗೆ ಬಿಟ್ಟುಕೊಂಡು ಆಳಕ್ಕಿಳಿಯುವ, ಹೊರದೂಡಿದ ಕೂಡಲೇ ಹಗುರಾಗಿ ಮೇಲೇಳುವ ಈ ನಾವೆಯನ್ನು ಕಂಡ ಹುಡುಗ ಸಪ್ತತತ್ತ್ವಗಳನ್ನು ಮರೆಯಲಾರನು.

ಇನ್ನು ಆಕ್ಷೇಪದ ವಿಚಾರ. ಹಿಂಸೋಪಕರಣದ ದರ್ಶನವೇ ದೋಷವೆಂದು ಯಾವ ಶ್ರಾವಕಾಚಾರ ಹೇಳಿದೆ? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವು ಐದು ಬಗೆಯೆಂದಿದೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಹಿಂಸಾದಾನವೆಂದರೆ ಆಯುಧಾದಿಗಳನ್ನು ಇನ್ನೊಬ್ಬರ ಕೈಗೆ ಕೊಡುವುದು, ನೋಡುವುದಲ್ಲ. ದ್ವೇಷದಿಂದ ಪರರ ವಧಬಂಧನಗಳನ್ನು ಬಯಸುವುದು ಅಪಧ್ಯಾನ. ಮನಸ್ಸನ್ನು ಕಲುಷಿತಗೊಳಿಸುವ ಕಥೆಗಳನ್ನು ರಸಪಟ್ಟು ಕೇಳುವುದು ದುಃಶ್ರುತಿ. ಟಾರ್ಪಿಡೊ ಕೊಳವೆಯ ಮುಂದೆ ನಿಂತು ‘ಎಷ್ಟು ಜನ ಸತ್ತರು’ ಎಂದು ಹಿಗ್ಗಿನಿಂದ ಕೇಳುವವನಿಗೆ ಈ ಎರಡು ದೋಷಗಳೂ ತಗಲುತ್ತವೆ. ಅದೇ ಪ್ರಶ್ನೆಯನ್ನು ಕಂಪಿಸುವ ಮನಸ್ಸಿನಿಂದ ಕೇಳುವವನಿಗೆ ಯಾವ ದೋಷ? ಮನೆಯಲ್ಲಿ ಕುಳಿತು, ಯಾವ ಜಲಾಂತರ್ಗಾಮಿಯನ್ನೂ ಕಾಣದೆ, ದೂರದರ್ಶನದ ಯುದ್ಧವಾರ್ತೆಗೆ ಚಪ್ಪಾಳೆ ತಟ್ಟುವವನ ಖಾತೆಗೆ ಅಪಧ್ಯಾನ ಬೀಳುವುದಿಲ್ಲವೆ?

ಹಿರಿಯರ ಮಾತಿನ ಹಿಂದೆ ಇನ್ನೊಂದು ಗ್ರಹಿಕೆಯಿದೆ. ನೋಡದಿದ್ದರೆ ಸಂಬಂಧವಿಲ್ಲ, ಸಂಬಂಧವಿಲ್ಲದಿದ್ದರೆ ಪಾಪವಿಲ್ಲ ಎಂಬುದು ಅದು. ಅವರ ಭಯ ಪ್ರಾಮಾಣಿಕವಾದುದೇ ಸರಿ. ಎಳೆಯ ಮನಸ್ಸು ಆಯುಧದ ಹೊಳಪಿಗೆ ಮರುಳಾಗುವುದನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಆದರೆ ಆ ಗ್ರಹಿಕೆ ಜೈನಧರ್ಮಕ್ಕೆ ಸಮ್ಮತವಲ್ಲ. ಕೃತ, ಕಾರಿತ, ಅನುಮೋದಿತ ಎಂದು ಹಿಂಸೆಯ ಮೂರು ದ್ವಾರಗಳನ್ನು ಆಚಾರ್ಯರು ತೋರಿಸಿದ್ದಾರೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು. ತೆರಿಗೆ ಕಟ್ಟುವ, ಮತ ಹಾಕುವ ಗೃಹಸ್ಥನು ದೇಶದ ನೌಕಾಪಡೆಯ ವಿಷಯದಲ್ಲಿ ಎರಡನೆಯ, ಮೂರನೆಯ ದ್ವಾರಗಳ ಹೊರಗಿಲ್ಲ. ಮಂಗಳೂರು ಬಂದರಿನಿಂದ ಹೊರಟ ಸರಕು ನಿರ್ವಿಘ್ನವಾಗಿ ಪರದೇಶ ಸೇರಲಿ ಎಂದು ಬಯಸುವ ವ್ಯಾಪಾರಿಯ ಕಣ್ಣಿಗೆ ಬೀಳದೆಯೇ ಯಾವುದೋ ಒಂದು ಜಲಾಂತರ್ಗಾಮಿ ಆ ಕಡಲಿನಡಿಯಲ್ಲಿ ಕಾವಲಿರುತ್ತದೆ. ಲೆಕ್ಕದ ಪುಸ್ತಕದಲ್ಲಿ ಜಮೆಯ ಕಡೆಯನ್ನು ಮಾತ್ರ ಓದಿ ಖರ್ಚಿನ ಪುಟವನ್ನು ಅಂಟಿಸಿಬಿಡುವವನನ್ನು ಪೇಟೆಯಲ್ಲಿ ಏನೆಂದು ಕರೆಯುತ್ತಾರೆಂಬುದನ್ನು ಬೇರೆ ಹೇಳಬೇಕಿಲ್ಲ.

ಪೇಟೆಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಜಲಾಂತರ್ಗಾಮಿಗಳನ್ನು ನಿರ್ಮಿಸುವ ಮುಂಬಯಿಯ ಮಝಗಾಂವ್ ಡಾಕ್ ಕಂಪನಿಯ ಷೇರುಗಳು ೨೦೨೦ರಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದವು. ಷೇರೊಂದಕ್ಕೆ ೧೪೫ ರೂಪಾಯಿ. ಅನಂತರದ ವರ್ಷಗಳಲ್ಲಿ ಅದು ಏರಿದ ಎತ್ತರವನ್ನು ಬಲ್ಲವರು ಸಮಾಜದಲ್ಲಿ ಕಡಿಮೆಯಿಲ್ಲ. ಕಸಾಯಿಖಾನೆಯ ಕಂಪನಿ, ಮದ್ಯದ ಕಂಪನಿ ಬೇಡವೆಂದು ಜಾಗ್ರತೆಯಿಂದ ಆರಿಸುವ ಮನೆಗಳಲ್ಲಿಯೂ ಈ ಷೇರಿನ ಬಗ್ಗೆ ಯಾರೂ ಶ್ರಾವಕಾಚಾರವನ್ನು ತೆರೆದು ನೋಡಿದಂತಿಲ್ಲ. ಜಲಾಂತರ್ಗಾಮಿಯ ಲಾಭ ಡಿಮ್ಯಾಟ್ ಖಾತೆಗೆ ಬರಬಹುದು, ಅದರ ಕಬ್ಬಿಣವನ್ನು ಮಗುವಿನ ಕೈ ಮುಟ್ಟಬಾರದು! ಈ ಬಗೆಯ ಅಹಿಂಸೆಗೆ ಶಾಸ್ತ್ರದಲ್ಲಿ ಹೆಸರಿಲ್ಲ.

ಯಾತ್ರೆಯ ಪಟ್ಟಿಯಲ್ಲಿ ಮುಂದಿನ ಸಾಲೇ ಉದಯಗಿರಿ. ಅದನ್ನು ಯಾರೂ ಹೊಡೆದುಹಾಕಿಲ್ಲ. ಅಲ್ಲಿಯ ಹಾಥಿಗುಂಫಾದ ನೆತ್ತಿಯಲ್ಲಿ ಕಳಿಂಗದ ಖಾರವೇಲನ ಪ್ರಾಕೃತ ಶಾಸನವಿದೆ. ಅರ್ಹಂತರಿಗೂ ಸಿದ್ಧರಿಗೂ ನಮಸ್ಕಾರದೊಡನೆ ಆರಂಭವಾಗುವ ಆ ಶಾಸನ ವರ್ಷವರ್ಷವಾಗಿ ಏನನ್ನು ಹೇಳುತ್ತದೆ? ದಂಡಯಾತ್ರೆಗಳನ್ನು. ಮಗಧದವರು ಹಿಂದೆ ಒಯ್ದಿದ್ದ ಕಳಿಂಗದ ಜಿನಬಿಂಬವನ್ನು ಮರಳಿ ತಂದುದೂ ದಂಡಿನ ಬಲದಿಂದಲೇ. ಅದರ ಮುಂದೆ ಕೈಮುಗಿಯುವವರು ಕುರ್ಸುರಾದ ಮುಂದೆ ಮುಖ ತಿರುಗಿಸುವುದು ಯಾವ ನ್ಯಾಯ?

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಗಂಗರ ದಂಡನಾಯಕ. ಅವನ ಬಿರುದುಗಳು ರಣಾಂಗಣದಲ್ಲಿ ಗಳಿಸಿದವು. ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜ ವಿಷ್ಣುವರ್ಧನನ ಸೇನಾಪತಿ. ಶಿಕಾರಿಪುರ ತಾಲೂಕಿನ ಬಂದಳಿಕೆಗೆ ಹೋದವರು ಅಲ್ಲಿಯ ಶಾಂತಿನಾಥ ಬಸದಿಯನ್ನು ಕಂಡಿರುತ್ತಾರೆ. ಹತ್ತನೆಯ ಶತಮಾನದ ಆರಂಭದಲ್ಲಿ ಪತಿ ತೀರಿಕೊಂಡ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆ ಕೊನೆಗೆ ಸಲ್ಲೇಖನ ಕೈಗೊಂಡುದು ಆ ಬಂದಣಿಕೆಯ ತೀರ್ಥದಲ್ಲಿಯೇ. ನಾಡನ್ನು ಆಳಿದವಳೂ ಅವಳೇ, ದೇಹವನ್ನು ತ್ಯಜಿಸಿದವಳೂ ಅವಳೇ. ಸೊರಬ ಸೀಮೆಯಲ್ಲಿ ಹಿರೇಆವಲಿಯ ನಿಷಿಧಿಗಲ್ಲುಗಳೂ ಊರೂರಿನ ವೀರಗಲ್ಲುಗಳೂ ಒಂದೇ ಮಳೆಯಲ್ಲಿ ನೆನೆಯುತ್ತ ನಿಂತಿವೆ. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಸಂಕಲ್ಪೀಹಿಂಸೆಯನ್ನು ಶ್ರಾವಕನು ಪೂರ್ಣವಾಗಿ ಬಿಡಲೇಬೇಕೆಂದೂ, ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧೀಹಿಂಸೆಯನ್ನು ಅವನು ಪೂರ್ಣವಾಗಿ ಬಿಡಲಾರನೆಂದೂ ಹೇಳಿದ್ದು ಇಂಥ ಜನರ ಬಾಳನ್ನು ಬಲ್ಲವರೇ. ಬಿಡಲಾರನೆಂದರೆ ಪಾಪವಿಲ್ಲವೆಂದಲ್ಲ. ಲೆಕ್ಕ ಬರೆಯಲೇಬೇಕು.

ತರುಣರ ಪಕ್ಷ ಸೋಲುವುದು ಇಲ್ಲಿಯೇ. ಅವರಿಗೆ ಲೆಕ್ಕ ಬೇಕಿಲ್ಲ, ಚಿತ್ರ ಬೇಕು. ಶಾಲಾ ಪ್ರವಾಸದಲ್ಲಿ ಸಿರಸಿಯ ಮೇಲಿಂದ ಘಟ್ಟವಿಳಿದು ಕಾರವಾರಕ್ಕೆ ಹೋಗಿಬಂದ ಈ ಕಡೆಯ ಮಕ್ಕಳನ್ನು ಕೇಳಿ ನೋಡಬೇಕು. ಅಲ್ಲಿಯ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ೨೦೦೬ರಿಂದ ‘ಚಪಲ್’ ಎಂಬ ಕ್ಷಿಪಣಿ ನೌಕೆ ನಿಂತಿದೆ. ಈಚೆಗೆ ಅದರ ಬಳಿ ಜಲಾಂತರ್ಗಾಮಿಗಳನ್ನು ಬೇಟೆಯಾಡುತ್ತಿದ್ದ ಟುಪೊಲೆವ್ ವಿಮಾನವೂ ಬಂದು ನಿಂತಿದೆ. (ರಾಷ್ಟ್ರಾರಾಧನೆಯ ಅಪಾಯವನ್ನು ಕುರಿತು ಒಂದು ಶತಮಾನದ ಹಿಂದೆಯೇ ಎಚ್ಚರಿಸಿದ ಕವಿಯ ಹೆಸರಿನ ತೀರದಲ್ಲಿ ಇವೆರಡೂ ನಿಂತಿರುವುದನ್ನು ಗಮನಿಸಿದವರು ಎಷ್ಟು ಮಂದಿಯೋ.) ಮಕ್ಕಳು ಹೇಳುವುದು ‘ದೊಡ್ಡದಾಗಿತ್ತು, ಚೆನ್ನಾಗಿತ್ತು’ ಎಂದಷ್ಟೆ. ಕಾರವಾರ, ಅಂಕೋಲೆಗಳ ನಡುವಣ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಗದ್ದೆ, ಮೀನುಗಾರಿಕೆ, ಊರ ದೇವರುಗಳನ್ನು ಬಿಟ್ಟು ಎದ್ದುಹೋದುದನ್ನು ಅವರಿಗೆ ಯಾರೂ ಹೇಳಿಲ್ಲ.

ವಿಶಾಖಪಟ್ಟಣದಲ್ಲಿ ಹೇಳಬೇಕಾದುದು ಇನ್ನೂ ಹೆಚ್ಚಿದೆ. ೧೯೭೧ರ ಯುದ್ಧಕಾಲದಲ್ಲಿ ಕುರ್ಸುರಾ ಅರಬ್ಬೀ ಸಮುದ್ರದಲ್ಲಿ ಗಸ್ತಿನಲ್ಲಿತ್ತು. ಎದುರಿನ ಹಡಗು ಯಾರದೆಂದು ನಿಶ್ಚಯವಾಗಿ ಗುರುತಿಸದೆ ಪ್ರಹಾರ ಮಾಡಕೂಡದೆಂಬ ನಿರ್ಬಂಧ ಅದಕ್ಕಿತ್ತು. ಅದು ಯಾವ ಹಡಗನ್ನೂ ಮುಳುಗಿಸದೆ ಹಿಂದಿರುಗಿತು. ೨೨ ಟಾರ್ಪಿಡೊಗಳನ್ನು ಹೊರಬಲ್ಲ ನಾವೆಯೊಂದು ಕೈ ತಡೆದುಕೊಂಡು ಮರಳಿದ ಈ ಸಂಗತಿ ದಡದಲ್ಲಿ ನಿಂತ ಯಾತ್ರಿಕನಿಗೆ ಸಪ್ಪೆಯೆನಿಸಬಹುದು. ಹಿಂಸೆಯ ಬೇರು ಪ್ರಮಾದದಲ್ಲಿದೆಯೆಂದು ತತ್ತ್ವಾರ್ಥಸೂತ್ರವನ್ನು ಓದಿದವನಿಗೆ ಸಪ್ಪೆಯೆನಿಸಲಾಗದು.

ಅದೇ ಡಿಸೆಂಬರ್ ೯ರ ರಾತ್ರಿ ದಿಯು ಸಮೀಪದ ಕಡಲಿನಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಪ್ರಯೋಗಿಸಿದ ಟಾರ್ಪಿಡೊ ಭಾರತದ ‘ಖುಕ್ರಿ’ಗೆ ತಗುಲಿತು. ನಿಮಿಷಗಳಲ್ಲಿ ಹಡಗು ಮುಳುಗಿತು. ೧೮ ಅಧಿಕಾರಿಗಳು, ೧೭೬ ನಾವಿಕರು ಜಲಸಮಾಧಿಯಾದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗನ್ನು ಬಿಟ್ಟು ಬರಲಿಲ್ಲ. ಆ ಹಂಗೋರ್ ಇಂದು ಕರಾಚಿಯ ನೌಕಾ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಅಲ್ಲಿಯ ಮಕ್ಕಳೂ ತಲೆಬಾಗಿ ನುಸುಳುತ್ತಾರೆ, ಅಲ್ಲಿಯ ತಂದೆತಾಯಿಗಳೂ ಚಿತ್ರ ತೆಗೆಯುತ್ತಾರೆ. ಇತ್ತ ಕುರ್ಸುರಾ ನಿಂತಿರುವ ತೀರದಿಂದ ಅನತಿದೂರದಲ್ಲಿ, ಕಡಲಿನಡಿಯಲ್ಲಿ, ಪಾಕಿಸ್ತಾನದ ಗಾಝಿ ಜಲಾಂತರ್ಗಾಮಿ ಅದೇ ತಿಂಗಳ ಮೊದಲ ವಾರದಿಂದ ಮಲಗಿದೆ. ತೊಂಬತ್ತಕ್ಕೂ ಹೆಚ್ಚು ಮಂದಿ ಅದರೊಳಗಿದ್ದರು, ಒಬ್ಬನೂ ಉಳಿಯಲಿಲ್ಲ. ಅದು ಮುಳುಗಿದ ಕಾರಣವನ್ನು ಎರಡು ದೇಶಗಳೂ ಬೇರೆ ಬೇರೆಯಾಗಿ ಹೇಳುತ್ತವೆ. ಅವಶೇಷವನ್ನು ಪತ್ತೆಹಚ್ಚಿದ ಭಾರತೀಯ ನೌಕಾಪಡೆ ಮೃತರಿಗೆ ಗೌರವವೆಂದು ಅದನ್ನು ಮುಟ್ಟದೆ ಬಿಟ್ಟಿತೆಂದು ೨೦೨೪ರಲ್ಲಿ ವರದಿಯಾಯಿತು. ಸೈನಿಕನಿಗೆ ತಿಳಿದ ಈ ಮರ್ಯಾದೆ ಪ್ರವಾಸಿಗೆ ತಿಳಿಯದೆ ಹೋದರೆ ಹೇಗೆ?

ಆದಿಪುರಾಣವನ್ನು ಓದಿದ ಮನೆಗಳಲ್ಲಿ ಭರತ ಬಾಹುಬಲಿಯರ ಪ್ರಸಂಗವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಸೇನೆಗಳು ಎದುರಾದಾಗ ಮಂತ್ರಿಗಳು ನಡುವೆ ಬಂದು, ಜನಕ್ಷಯವೇಕೆ, ಅಣ್ಣತಮ್ಮಂದಿರಿಬ್ಬರೇ ಸೆಣಸಿ ತೀರ್ಮಾನಿಸಿಕೊಳ್ಳಲಿ ಎಂದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಆ ಜಲಯುದ್ಧದಲ್ಲಿ ನಡೆದುದಾದರೂ ಏನು? ಒಬ್ಬರ ಮೇಲೊಬ್ಬರು ನೀರೆರಚಿದರು. ಎತ್ತರದಲ್ಲಿ ಮಿಗಿಲಾದ ಬಾಹುಬಲಿ ಎರಚಿದ ನೀರು ಭರತನ ಮುಖಕ್ಕೆ ಬಡಿಯಿತು, ಭರತ ಎರಚಿದ್ದು ಬಾಹುಬಲಿಯ ಎದೆಯನ್ನು ದಾಟಲಿಲ್ಲ. ಒಬ್ಬ ಕಾಲಾಳೂ ಸಾಯಲಿಲ್ಲ. ಖುಕ್ರಿಯದೂ ಗಾಝಿಯದೂ ಜಲಯುದ್ಧವೇ. ಮಕ್ಕಳು ಪೂಜೆಯಲ್ಲಿ ಕೇಳಿದ ಜಲಯುದ್ಧವನ್ನೂ ಕಬ್ಬಿಣದ ಕೊಳವೆಯ ಮುಂದೆ ಕೇಳಿದ ಜಲಯುದ್ಧವನ್ನೂ ಒಟ್ಟಿಗೆ ಇಟ್ಟು ನೋಡುವಂತೆ ಮಾಡಬಲ್ಲ ಸ್ಥಳ ದೇಶದಲ್ಲಿ ಎಷ್ಟಿವೆ? ಆ ಸ್ಥಳವನ್ನು ಕೆಂಪು ಶಾಯಿಯಿಂದ ಹೊಡೆದುಹಾಕುವುದು ಧರ್ಮಶಿಕ್ಷಣದ ನಷ್ಟ.

ಈ ವಿವಾದದಿಂದ ನಿಜವಾಗಿ ನೊಂದ ಮನೆಯೊಂದಿದೆ. ಸೊರಬ ತಾಲೂಕಿನದೇ ಹುಡುಗ, ಓದಿನಲ್ಲಿ ಚುರುಕು. ನೌಕಾಪಡೆಗೆ ಆಯ್ಕೆಯಾದನು. ಮನೆಯಲ್ಲಿ ಸಂತೋಷಪಟ್ಟರು. ಆದರೆ ಮಾತುಕತೆಯ ಹಂತದಲ್ಲಿದ್ದ ಸಂಬಂಧವೊಂದು ‘ಕೊಲ್ಲುವ ಕೆಲಸದವನಿಗೆ ಹೆಣ್ಣು ಕೊಡುವುದು ಹೇಗೆ’ ಎಂಬ ಒಂದೇ ಮಾತಿನಿಂದ ಮುರಿದುಬಿತ್ತು. ಯಾತ್ರೆಯ ಸಭೆಯಲ್ಲಿ ಆ ಸಾಲನ್ನು ಹೊಡೆದುಹಾಕಿದಾಗ ಹುಡುಗನ ತಾಯಿ ಎದ್ದುಹೋದರು. ಆಮೇಲೆ ಯಾತ್ರೆಗೂ ಬರುವುದಿಲ್ಲವೆಂದು ಹೇಳಿಕಳುಹಿಸಿದರು. ಹಡಗುಕಟ್ಟೆಗೆ ಕಬ್ಬಿಣ, ತಂತಿ, ಬಣ್ಣ ಪೂರೈಸುವ ವ್ಯಾಪಾರಿ ಬಸದಿಗೆ ಬಂದರೆ ಶಾಲು ಹೊದಿಸುವರು; ಆ ಹಡಗಿನಲ್ಲಿ ಪ್ರಾಣವನ್ನು ಒತ್ತೆಯಿಟ್ಟವನಿಗೆ ಹೆಣ್ಣಿಲ್ಲ! ಜಕ್ಕಿಯಬ್ಬೆಯ ನಾಡಿನಲ್ಲಿ ಹೀಗೊಂದು ಮಾತು ಹುಟ್ಟಬೇಕೆ?

ಜಲಾಂತರ್ಗಾಮಿಯ ಬದುಕನ್ನು ಒಮ್ಮೆ ಒಳಹೊಕ್ಕು ಕಂಡವರು ಆ ಮಾತನ್ನು ಅಷ್ಟು ಸುಲಭವಾಗಿ ಆಡಲಾರರು. ಮಲಗಲು ಒಂದು ಹಲಗೆಯಷ್ಟು ಸ್ಥಳ. ಸಿಹಿನೀರು ಅಳತೆಗೆ ಒಳಪಟ್ಟುದರಿಂದ ಸ್ನಾನವೆಂಬುದು ಅಪರೂಪ. ಸ್ವಂತದ್ದೆಂದು ಇಟ್ಟುಕೊಳ್ಳಲು ಕೈಚೀಲದಷ್ಟು ಸಾಮಾನು. ಪರಿಗ್ರಹ ಪರಿಮಾಣದ ಮೇಲೆ ಗಂಟೆಗಟ್ಟಲೆ ಪ್ರವಚನ ಮಾಡುವವರ ಮನೆಯ ಕಪಾಟುಗಳನ್ನು ಇಲ್ಲಿ ನೆನೆಯದಿರುವುದೇ ಲೇಸು. ವ್ರತದ ಕಷ್ಟಗಳೂ ಉಂಟು. ಸೂರ್ಯನೇ ಕಾಣದ ಆಳದಲ್ಲಿ ರಾತ್ರಿಭೋಜನ ತ್ಯಾಗವನ್ನು ಪಾಲಿಸುವುದೆಂತು? ಗಡಿಯಾರವನ್ನು ನಂಬಬೇಕೆ, ಮೇಲಿನ ಆಕಾಶವನ್ನು ಊಹಿಸಬೇಕೆ? ಗಡ್ಡೆಗೆಣಸು ಬಿಟ್ಟವನಿಗೆ ಅಲ್ಲಿಯ ಸಣ್ಣ ಅಡುಗೆಮನೆಯಲ್ಲಿ ಸಿಗುವುದೇನು? ನೌಕೆಗಳು ಹೊಮ್ಮಿಸುವ ಪ್ರಬಲ ಶಬ್ದತರಂಗಗಳಿಂದ ತಿಮಿಂಗಿಲಗಳು ದಿಕ್ಕುಗೆಟ್ಟು ದಡಕ್ಕೆ ಬಂದು ಸಾಯುವುದು ೨೦೦೦ದಲ್ಲಿ ಬಹಾಮಾಸ್ ದ್ವೀಪಗಳ ಬಳಿ ಕಂಡುಬಂದಿದೆ. ಜಲಚರಗಳ ಈ ಹಿಂಸೆಗೆ ಹೊಣೆ ಯಾರು? ಇವು ಪಂಡಿತರು ಉತ್ತರಿಸಬೇಕಾದ ಪ್ರಶ್ನೆಗಳು. ಸಮಾಜ ಆ ಹುಡುಗನಿಗೆ ಬಾಗಿಲು ಮುಚ್ಚಿದರೆ ಅವನು ಯಾರನ್ನು ಕೇಳಬೇಕು?

ಕುಪ್ಪಗಡ್ಡೆಯ ಯಾತ್ರಾ ಸಮಿತಿ ಆ ಸಾಲನ್ನು ಮತ್ತೆ ಬರೆಯುವುದು ಉಚಿತ. ಬರಿದೆ ಬರೆದರೆ ಸಾಲದು. ಹೋಗುವ ಮೊದಲ ದಿನ ರೈಲಿನಲ್ಲಿಯೇ ಮಕ್ಕಳಿಗೆ ಭರತ ಬಾಹುಬಲಿಯರ ಪ್ರಸಂಗವನ್ನು ಹೇಳಬೇಕು. ಒಳಗೆ ಟಾರ್ಪಿಡೊ ಕೊಳವೆಯ ಮುಂದೆ ನಗುತ್ತ ನಿಂತು ಚಿತ್ರ ತೆಗೆಸಿಕೊಳ್ಳುವುದು ಬೇಡ. ಹಾಗೆ ತೆಗೆದ ಚಿತ್ರವನ್ನು ಬಸದಿಯ ಫಲಕಕ್ಕೆ ಅಂಟಿಸುವುದಂತೂ ಬೇಡವೇ ಬೇಡ. ಹೊರಬಂದ ಮೇಲೆ ಕಡಲಿಗೆ ಮುಖಮಾಡಿ ಕುಳಿತು, ಖುಕ್ರಿಯಲ್ಲಿ ಮಡಿದವರನ್ನೂ ಗಾಝಿಯಲ್ಲಿ ಮಡಿದವರನ್ನೂ ಒಟ್ಟಿಗೆ ನೆನೆದು ಒಂಬತ್ತು ಸಲ ಣಮೋಕಾರ ಮಂತ್ರವನ್ನು ಜಪಿಸಿ ಕಾಯೋತ್ಸರ್ಗ ಮಾಡಲು ಹತ್ತು ನಿಮಿಷ ಸಾಕು. ಇದಕ್ಕೆ ಒಪ್ಪದ ತರುಣರು ಹೊರಗೇ ಇರಲಿ. ಒಪ್ಪದ ಹಿರಿಯರು ವಸತಿಯಲ್ಲಿ ಸ್ವಾಧ್ಯಾಯ ಮಾಡುತ್ತಿರಲಿ, ಮಕ್ಕಳನ್ನು ತಡೆಯದಿರಲಿ. ನೌಕಾಪಡೆಯ ಹುಡುಗನ ತಾಯಿಯನ್ನು ಸಮಿತಿಯ ಅಧ್ಯಕ್ಷರೇ ಅವರ ಮನೆಗೆ ಹೋಗಿ ಕರೆಯುವುದು ಯೋಗ್ಯ. ಎಲೆ ಅಡಿಕೆಯೊಡನೆ, ಇನ್ನೊಬ್ಬರ ಕೈಯಲ್ಲಿ ಹೇಳಿಕಳುಹಿಸದೆ.

ವಸ್ತುಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ಉಳಿದ ವಾರದ ದಿನಗಳಲ್ಲಿ ಸಾಧಾರಣವಾಗಿ ಮಧ್ಯಾಹ್ನದ ಮೇಲೆಯೇ ತೆರೆಯುತ್ತದೆ. ಪೂರ್ವತೀರದಲ್ಲಿ ಸೂರ್ಯಾಸ್ತ ಮಲೆನಾಡಿಗಿಂತ ಬೇಗ. ತೆರೆದೊಡನೆ ಒಳಗೆ ಹೋಗಿ ಬಂದರೆ ಕಾಯೋತ್ಸರ್ಗವನ್ನು ಮುಗಿಸಿ, ಹೊತ್ತು ಮುಳುಗುವ ಮುಂಚೆ ಊಟಕ್ಕೆ ವಸತಿಯನ್ನು ಸೇರಿಕೊಳ್ಳಬಹುದು.